ಬೆಳಕಿಂಡಿಯ ಕೆಳಗೆ ಅವ್ವನ ಜಾಗ

ನಮ್ಮ ಮನೆಯನ್ನು ನೋಡಲು ಈಗಲೂ ಆಗಾಗ ಜನ ಬರುತ್ತಾರೆ. ಹೆಚ್ಚಿನವರು ಮನೆ ಕಟ್ಟುವ ವಿದ್ಯೆ ಓದುತ್ತಿರುವ ಕಾಲೇಜು ಹುಡುಗ ಹುಡುಗಿಯರು. ಬಂಗಾಳದ ಈ ಬಾರಾನಗರದ ನಮ್ಮ ಓಣಿಯೊಳಗೆ ಟೋಟೋ ಎಂಬ ಪುಟ್ಟ ಬ್ಯಾಟರಿ ರಿಕ್ಷಾ ಕೂಡ ಬರುವುದಿಲ್ಲ. ತಿರುವಿನಲ್ಲಿ ಇಳಿದು, ಬೆವರು ಒರೆಸಿಕೊಳ್ಳುತ್ತ ನಡೆದು ಬಂದು, ನಡುಮನೆಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ಸೂರು ನೋಡುತ್ತಾರೆ. ಕಾಂಕ್ರೀಟಿನಲ್ಲಿ ಹುದುಗಿಸಿದ ಚಹಾ ಕುಡಿಕೆಗಳ ದುಂಡು ಬಾಯಿಗಳು ಸಾಲು ಸಾಲಾಗಿ ಕಾಣುತ್ತವೆ. ಅವುಗಳ ನಡುವೆ ಒಂದು ಚಾಪೆಯಷ್ಟು ಅಗಲದ ಬೆಳಕಿಂಡಿ. ಫೋಟೋ ತೆಗೆಯುತ್ತಾರೆ, ಸಿಮೆಂಟು ಎಷ್ಟು ಉಳಿಯಿತು, ಬೇಸಿಗೆಯಲ್ಲಿ ತಂಪಿರುತ್ತದೆಯೇ, ಹಗಲು ಹೊತ್ತು ದೀಪ ಹಾಕುತ್ತೀರಾ ಎಂದೆಲ್ಲ ಕೇಳುತ್ತಾರೆ. ನಾನೂ ಹುರುಪಿನಿಂದ ಉತ್ತರ ಕೊಡುತ್ತೇನೆ. ಹೊಗಳಿಕೆ ಯಾರಿಗೆ ಬೇಡ? ಆದರೆ ಈ ಬೆಳಕಿನಲ್ಲಿ ಯಾರು ಕೂಡಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಮನೆ ಕಟ್ಟಿಸಿದ ನನಗೇ ಅದು ಬಹಳ ದಿನ ಹೊಳೆದಿರಲಿಲ್ಲ.

ನಾನು ಧಾರವಾಡದವಳು. ಸಂಖ್ಯಾಶಾಸ್ತ್ರದ ಸಂಶೋಧನೆಯ ಕೆಲಸ ಸಿಕ್ಕಿ ಈ ಊರಿಗೆ ಬಂದೆ. ಯಜಮಾನರು ಮೈಸೂರಿನವರು, ಸಾಲ್ಟ್ ಲೇಕಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಮಗಳು ಹುಟ್ಟಿದ್ದು ಇಲ್ಲಿಯೇ. ಬಾಡಿಗೆ ಫ್ಲಾಟುಗಳಲ್ಲಿ ವರ್ಷಗಟ್ಟಲೆ ಕಳೆದ ಮೇಲೆ ಸ್ವಂತದ್ದೊಂದು ಇರಲಿ ಎಂದು ನಾನು ಆರಿಸಿದ್ದು ಬೆಳಕೇ ಇಲ್ಲದ ಈ ಹಳೆಯ ಮನೆಯನ್ನು. ಎಡಕ್ಕೂ ಬಲಕ್ಕೂ ಪಕ್ಕದ ಮನೆಗಳ ಗೋಡೆ, ಹಿಂದೆ ಐದು ಅಂತಸ್ತಿನ ಹೊಸ ಕಟ್ಟಡ. ನಡುವೆ ಒಂದು ಅಂಗಳವಿತ್ತು, ಅದಕ್ಕೂ ಹಿಂದಿನ ಮಾಲೀಕರು ತಗಡು ಹೊದಿಸಿಬಿಟ್ಟಿದ್ದರು. ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಮೊಬೈಲಿನ ದೀಪ ಹಾಕಿಕೊಂಡು ಓಡಾಡಬೇಕಿತ್ತು. "ಇನ್ನೊಂದ್ಸಲ ಯೋಚ್ನೆ ಮಾಡೇ, ಪ್ಲೀಸ್," ಎಂದರು ಯಜಮಾನರು. ನನಗೆ ಒಮ್ಮೆ ಹಟ ಹಿಡಿಯಿತೆಂದರೆ ಯೋಚನೆ ಗೀಚನೆ ಎಲ್ಲ ದೂರ. ಅದು ಅವರಿಗೂ ಗೊತ್ತಿದ್ದುದರಿಂದ ಮತ್ತೆ ಕೇಳಲಿಲ್ಲ.

ಆ ಹಟಕ್ಕೆ ಕುಮ್ಮಕ್ಕು ಕೊಟ್ಟವನು ಅಪ್ಪ. ಅವನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದವನು. ಮನೆಯ ಅಳತೆಗಳನ್ನೆಲ್ಲ ಫೋನಿನಲ್ಲಿ ಕೇಳಿ ಬರೆದುಕೊಂಡು, ಮೂರನೆಯ ದಿನಕ್ಕೆ ನಕ್ಷೆ ಬಿಡಿಸಿ ಅದರ ಫೋಟೋ ಕಳಿಸಿದ. ತಗಡು ತೆಗೆಸು, ಅರ್ಧ ಅಂಗಳಕ್ಕೆ ಸೂರು ಹಾಕಿಸು, ಸೂರಿನಲ್ಲಿ ಬೆಳಕಿಂಡಿ ಬಿಡು. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಿಟಕಿಗಳು ಸಣ್ಣವು, ಒಳಗಿನ ಬೆಳಕೆಲ್ಲ ಬೆಳಕಿಂಡಿಯದು. ಸೂರಿನಲ್ಲಿ ಗೇಣಗಲದ ತೂತು, ಮಳೆ ಬಂದರೆ ಮುಚ್ಚಲು ಒಂದು ಕಲ್ಲು. ಅದರ ಕೆಳಗಿನ ಜಾಗ ಮನೆಯ ಹಿರಿಯರದು. ಅಜ್ಜ ಬದುಕಿರುವವರೆಗೆ ನಾವು ಮಕ್ಕಳು ಅಲ್ಲಿ ಕೂತರೆ ಬೈಗುಳ ತಿನ್ನುತ್ತಿದ್ದೆವು.

ಮುಂದಿನದು ನನ್ನ ಹುಚ್ಚು. ಕೆಡವಿದ ಮನೆಗಳ ಸಾಮಾನು ಮಾರುವವರಿಂದ ಪಟ್ಟಿ ಪಟ್ಟಿಯ ಹಸಿರು ಕಿಟಕಿ ಬಾಗಿಲುಗಳನ್ನು ತಂದೆ. ಗೋಡೆಗೆ ಸಿಮೆಂಟು ಬೇಡ, ಇಟ್ಟಿಗೆ ಪುಡಿ ಬೆರೆಸಿದ ಸುಣ್ಣದ ಗಾರೆಯೇ ಆಗಬೇಕು ಎಂದೆ. ಸ್ಲ್ಯಾಬಿನಲ್ಲಿ ಕಬ್ಬಿಣದ ಸರಳುಗಳ ನಡುವೆ ಮಣ್ಣಿನ ಕುಡಿಕೆ ಬೋರಲು ಹಾಕಿ ಮೇಲೆ ಕಾಂಕ್ರೀಟು ಸುರಿದರೆ ಸಿಮೆಂಟು ಉಳಿಯುತ್ತದೆ, ಕುಡಿಕೆಯೊಳಗಿನ ಗಾಳಿ ಬಿಸಿಲನ್ನು ತಡೆಯುತ್ತದೆ. ನಮ್ಮ ಓಣಿಯ ತುದಿಯ ಚಹಾ ಅಂಗಡಿಯಲ್ಲಿ ಜನ ಕುಡಿದು ಬಿಸಾಡುವ ಕುಡಿಕೆಗಳು ದಿನಕ್ಕೊಂದು ಬುಟ್ಟಿ ಬೀಳುತ್ತಿದ್ದವು. ಅವನ್ನೇ ತೊಳೆದು ಬಳಸೋಣ ಎಂದು ಮೇಸ್ತ್ರಿಗೆ ಹೇಳಿದೆ. ಮುರ್ಶಿದಾಬಾದಿನ ಆ ಮನುಷ್ಯ ಗೋಡೆಯ ನೇರ ನೋಡುವ ತೂಗುಗುಂಡನ್ನು ಕೆಳಗಿಟ್ಟು, "ದೀದಿ, ಊರವರ ಎಂಜಲನ್ನು ತಲೆಯ ಮೇಲೆ ಇಟ್ಟುಕೊಂಡು ಮಲಗುತ್ತೀರಾ?" ಎಂದು ಹಿಂದಿಯಲ್ಲಿ ಕೇಳಿದ. ಎಂಜಲಿನ ವಿಷಯದಲ್ಲಿ ಬಂಗಾಳಕ್ಕೂ ಧಾರವಾಡಕ್ಕೂ ಏನೂ ಫರಕಿಲ್ಲ. ಕೊನೆಗೆ ಕುಂಬಾರರ ಕಡೆಯಿಂದ ಅಂಚು ಮುರಿದ, ಮಾರಾಟವಾಗದ ಹೊಸ ಕುಡಿಕೆಗಳನ್ನು ಮೂಟೆಗಟ್ಟಲೆ ತರಿಸಿದೆವು. ಆದರೂ ಅವನ ಮುಖದ ಗಂಟು ಬಿಡಲಿಲ್ಲ. ನೀವು ಎದುರಿಗೆ ನಿಂತಿದ್ದರೆ ಹಾಕುತ್ತೇವೆ, ಇಲ್ಲವಾದರೆ ಎಲ್ಲರ ಮನೆಗೆ ಹಾಕುವ ಸ್ಲ್ಯಾಬನ್ನೇ ಹಾಕುತ್ತೇವೆ ಎಂದ. ಸ್ಲ್ಯಾಬಿಗೆ ಗುರುವಾರ ನಿಗದಿಯಾಯಿತು.

ಮಂಗಳವಾರ ಬೆಳಿಗ್ಗೆ ಅವ್ವನ ಫೋನು. ಅಪ್ಪನನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿದ್ದರು. "ನಿನ್ನ ಹೆಸರು ತಗೀತಾನ ಇದ್ದಾರ. ಲಗೂನ ಬಾರವ್ವಾ," ಎಂದಳು.

ಅಂದು ಸಂಜೆಯ ವಿಮಾನದಲ್ಲಿ ಜಾಗವಿತ್ತು. ನಾನು ನೋಡಿದೆ. ಹಣದ ತೊಂದರೆಯೂ ಇರಲಿಲ್ಲ, ರಜೆಯ ತೊಂದರೆಯೂ ಇರಲಿಲ್ಲ. ಗುರುವಾರ ಸ್ಲ್ಯಾಬು ಮುಗಿಸಿ ಶುಕ್ರವಾರ ಬೆಳಿಗ್ಗೆ ಹೊರಟರಾಯಿತು, ಅಪ್ಪ ಗಟ್ಟಿ ಆಸಾಮಿ, ಇದಕ್ಕಿಂತ ದೊಡ್ಡ ಕಾಯಿಲೆಗಳನ್ನು ದಾಟಿ ಬಂದವನು ಎಂದುಕೊಂಡೆ. ಅವನೇ ಬಿಡಿಸಿದ ಬೆಳಕಿಂಡಿಯಲ್ಲವೇ, ಅವನ ಕೆಲಸವನ್ನೇ ಮಾಡುತ್ತಿದ್ದೇನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವನಿಗೆ, "ಟಿಕೆಟ್ ಸಿಗವಲ್ದು, ಶುಕ್ರವಾರ ಬರ್ತೀನಿ," ಎಂದೆ. ಯಜಮಾನರು ಆ ವಾರ ಕಂಪನಿ ಕೆಲಸಕ್ಕೆ ಪರವೂರಿನಲ್ಲಿದ್ದರು. ಅವರಿಗೂ ಅದನ್ನೇ ಹೇಳಿದೆ. ಗುರುವಾರ ಕುಡಿಕೆಗಳನ್ನೆಲ್ಲ ಜೋಡಿಸಿ, ಕಾಂಕ್ರೀಟಿನ ಕೊನೆಯ ಬುಟ್ಟಿಗಳು ಮೇಲೆ ಹೋಗುತ್ತಿರುವಾಗ ತಮ್ಮ ಫೋನು ಮಾಡಿದ. ಅಪ್ಪ ಹೋಗಿದ್ದ.

ಧಾರವಾಡದ ಮನೆಯಲ್ಲಿ ಮಾತಾಡಿಸಲು ಬಂದವರಿಗೆಲ್ಲ ಅವ್ವನೇ ನನ್ನ ಪರವಾಗಿ ಹೇಳುತ್ತಿದ್ದಳು, "ಪಾಪ, ಹುಡಿಗಿಗೆ ಟಿಕೆಟ್ಟ ಸಿಗಲಿಲ್ರಿ. ಅಷ್ಟು ದೂರ ಐತಿ." ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ನನ್ನ ಸುಳ್ಳು ಅವಳ ಬಾಯಲ್ಲಿ ನಿಜದಂತೆಯೇ ಕೇಳಿಸುತ್ತಿತ್ತು. ಈ ಒಂದು ಮಾತನ್ನು ಅವ್ವನಿಗೆ ಹೇಳದೆ ನಾನು ನೆಮ್ಮದಿಯಾಗಿ ಇರಲಾರೆ ಎಂದು ಆಗಲೇ ಗೊತ್ತಾಗಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದೂವರೆ ವರ್ಷದ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ತಮ್ಮನದು ಬ್ಯಾಂಕಿನ ಕೆಲಸ, ಮೇಲಿಂದ ಮೇಲೆ ವರ್ಗ. ಅವನ ಜೊತೆ ಊರೂರು ಸುತ್ತಿ ಅವಳಿಗೆ ಸಾಕಾಗಿತ್ತು. ಮೂರು ತಿಂಗಳಿಗೆಂದು ಬಂದವಳು ನಾಲ್ಕು ವರ್ಷ ಇದ್ದಳು. ಈಗ ನೆನೆದರೆ ಈ ಮನೆಗೆ ಕಳೆ ಇದ್ದದ್ದೇ ಆ ನಾಲ್ಕು ವರ್ಷ. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ, ಶೇಂಗಾ ಹುರಿದ ವಾಸನೆ, ನಾವು ಮಾಶಿಮಾ ಎಂದು ಕರೆಯುವ ಪಕ್ಕದ ಮನೆಯ ಹಿರಿಯಾಕೆ ಛಾವಣಿಯ ಮೇಲೆ ಒಣಹಾಕಿದ ಬೇಳೆ ಬಡಿಗಳನ್ನು ನೋಡಿ, "ನಮ್ಮ ಸಂಡಿಗೀನ, ಹೆಸರಷ್ಟ ಬ್ಯಾರೆ," ಎಂದು ಅವಳು ತೀರ್ಪು ಕೊಡುತ್ತಿದ್ದ ರೀತಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ, ಆದರೂ ಛಾವಣಿಯ ಬಿಸಿಲಲ್ಲಿ ಎದುರುಬದುರು ನಿಂತು ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಬಂದ ದಿನವೇ ಅವ್ವನಿಗೆ ಬೆಳಕಿಂಡಿಯ ಕೆಳಗೆ ಬೆತ್ತದ ಕುರ್ಚಿ ಹಾಕಿದೆವು. ಮನೆಗೆ ಹಿರಿಯಳು, ಆ ಜಾಗ ಅವಳದಲ್ಲದೆ ಇನ್ಯಾರದು? ಮೇಲಿನ ಗಾಜಿನಿಂದ ಇಳಿದ ಬೆಳಕು ಅವಳ ಬಿಳಿಗೂದಲು, ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ ಬಿದ್ದಾಗ ಕಣ್ಣು ತುಂಬಿ ಬರುವಷ್ಟು ಚೆಂದ ಕಾಣುತ್ತಿದ್ದಳು. ನಾವೆಲ್ಲ ಸುತ್ತ ನೆರಳಿನಲ್ಲಿ ಮೋಡಾ ಎಂಬ ಬೆತ್ತದ ಗಿಡ್ಡ ಪೀಠಗಳ ಮೇಲೆ ಕೂತು ಮಾತಾಡುತ್ತಿದ್ದೆವು. ನೋಡು, ಅಪ್ಪನ ಬೆಳಕಿಂಡಿ ಕೊನೆಗೂ ಅವ್ವನಿಗೇ ಸಂದಿತು ಎಂದು ನನ್ನ ಮನಸ್ಸಿಗೆ ಎಷ್ಟೋ ಹಗುರ.

ಅವ್ವನ ಕಿವಿ ಮಂದವಾಗುತ್ತಿದ್ದುದು ನಮಗೆ ಗೊತ್ತಿತ್ತು. ಕಿವಿಯ ಯಂತ್ರವನ್ನೂ ಕೊಡಿಸಿದ್ದೆವು. ಎರಡು ದಿನ ಹಾಕಿಕೊಂಡು, "ಇದರಾಗ ಫ್ಯಾನ್ ತಿರಗೂದೂ ಕೇಳಸ್ತೈತಿ, ಹಾರ್ನೂ ಕೇಳಸ್ತೈತಿ. ಸಪ್ಪಳ ಬರ್ತೈತಿ, ಮಾತು ಬರೂದಿಲ್ಲ," ಎಂದು ತೆಗೆದು ಡಬ್ಬಿಯಲ್ಲಿಟ್ಟಳು. ಆದರೆ ಎಷ್ಟು ಮಂದ ಎಂಬುದು ತಿಳಿಯಲಿಲ್ಲ. ಏನು ಹೇಳಿದರೂ ನಗುತ್ತಿದ್ದಳು, ತಲೆಯಾಡಿಸುತ್ತಿದ್ದಳು, ಹೌದೇನು ಎನ್ನುತ್ತಿದ್ದಳು. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದಕ್ಕೇ ಕತ್ತಲು. "ನಿಮ್ಮೂರಾಗ ಸೂರ್ಯಗ ಭಾಳ ಅವಸರ," ಎಂದು ಗೊಣಗಿ, ಆಮೇಲೆ ಊಟದವರೆಗೆ ಸುಮ್ಮನಾಗಿಬಿಡುತ್ತಿದ್ದಳು. ಊರಿನ ನೆನಪಾಗಿರಬೇಕು ಎಂದುಕೊಳ್ಳುತ್ತಿದ್ದೆವು.

ಅಂಥದೊಂದು ಚಳಿಗಾಲದ ಮಧ್ಯಾಹ್ನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ. ಟಿಕೆಟ್ ಇತ್ತು, ನಾನೇ ಬರಲಿಲ್ಲ, ಈ ಸ್ಲ್ಯಾಬಿಗಾಗಿ ಉಳಿದೆ, ಈ ಕುಡಿಕೆಗಳಿಗಾಗಿ. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟಳು. ಸ್ವಲ್ಪ ಹೊತ್ತು ಕೂದಲು ಸವರಿ, "ಇರ್ಲಿ ಬಿಡವ್ವಾ. ಎಲ್ಲಾ ಸರಿ ಆಗ್ತೈತಿ," ಎಂದಳು.

ಎಷ್ಟು ದಿನದಿಂದ ಕಾಯುತ್ತಿದ್ದ ಮಾತದು! ಆ ರಾತ್ರಿ ಹಾಸಿಗೆಗೆ ಬಿದ್ದದ್ದಷ್ಟೇ ನೆನಪು. ಮುಂದಿನ ಎಂಟು ತಿಂಗಳು ನಾನು ಹಗುರವಾಗಿ ಓಡಾಡಿದೆ. ಮನೆ ನೋಡಲು ಬಂದವರಿಗೆ ಸೂರು ತೋರಿಸುವಾಗ ಅದು ಅಪ್ಪನ ನಕ್ಷೆ ಎಂದೂ ಹೇಳತೊಡಗಿದೆ. ಅವ್ವ ಕ್ಷಮಿಸಿದಳು, ಮುಗಿಯಿತು ಎಂದುಕೊಂಡೆ.

ಮಳೆಗಾಲ ಮುಗಿದು, ದುರ್ಗಾಪೂಜೆಗೆ ಇನ್ನೆರಡು ವಾರವಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು, ಬೆಳಕಿಂಡಿಯಿಂದ ಬಿಸಿಲು ಧಾರಾಳವಾಗಿ ಇಳಿಯುತ್ತಿತ್ತು. ಅವ್ವ ತನ್ನ ಕುರ್ಚಿಯಲ್ಲಿ ಕೂತು ದೊಡ್ಡ ಸ್ಟೀಲಿನ ತಟ್ಟೆಯಲ್ಲಿ ಜೋಳ ಆರಿಸುತ್ತಿದ್ದಳು. ಆರಿಸಿದ್ದನ್ನು ಡಬ್ಬಿಗೆ ಸುರಿದು, ಖಾಲಿ ತಟ್ಟೆಯನ್ನು ಸೆರಗಿನಿಂದ ಒರೆಸುತ್ತಿರುವಾಗ ಮಗಳು ಶಾಲೆಯಿಂದ ಬಂದು ಅವಳೆದುರು ಕುಕ್ಕರಿಸಿದಳು. ತಟ್ಟೆಗೆ ಬಿದ್ದ ಬಿಸಿಲು ಚಿಮ್ಮಿ ಹುಡುಗಿಯ ಮುಖದ ತುಂಬ ಹರಡಿತು.

"ಅಜ್ಜೀ, ಇವತ್ತು ಕ್ಲಾಸಲ್ಲಿ ನಮ್ಮ ಮಿಸ್ ನಿದ್ದೆ ಮಾಡಿಬಿಟ್ರು! ಗೊರಕೆ ಭೀ ಹೊಡೆದ್ರು!"

"ಗೊರಕಿನೂ ಹೊಡದ್ಳಾ?" ಅವ್ವ ತಟಕ್ಕನೆ ಕೇಳಿದಳು. "ಹಂಗಾದ್ರ ನಿಮಗೆಲ್ಲಾ ಸೂಟೀನ ಬಿಡು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಗುವುದಿರಲಿ, ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವ್ವ ಹೀಗೆ ಮಾತಿಗೆ ಸರಿಯಾಗಿ ಮಾತು ಕೊಟ್ಟು ಎಷ್ಟು ಕಾಲವಾಗಿತ್ತು! ಮಗಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಮುಂದಿನ ಸುದ್ದಿಯನ್ನು ಒಳಗಿನಿಂದಲೇ ಕೂಗಿ ಹೇಳಿದಳು. ಅವ್ವ ಮತ್ತೆ ಹಳೆಯ ಹಾಗೆ ನಗುತ್ತ ಸುಮ್ಮನೆ ತಲೆಯಾಡಿಸತೊಡಗಿದಳು.

ನಾನು ಹೋಗಿ ಅದೇ ಜಾಗದಲ್ಲಿ, ನೆರಳಿನಲ್ಲಿ ಕೂತೆ. "ಅವ್ವಾ, ಮನ್ಯಾಗ ಹುಲಿ ಬಂದೈತಿ," ಎಂದೆ. ಅವ್ವ ಪ್ರೀತಿಯಿಂದ, "ಹೌದೇನು? ಛಲೋ ಆತು," ಎಂದಳು.

ಎದ್ದು ಅವಳ ಕುರ್ಚಿಯನ್ನು ಅವಳ ಸಮೇತ ನೆರಳಿಗೆ ಎಳೆದೆ. ನಾನು ಬೆಳಕಿನಲ್ಲಿ ನಿಂತು ನಿಧಾನವಾಗಿ ಕೇಳಿದೆ, "ಅವ್ವಾ, ನಿನಗ ನಾವು ಮಾತಾಡೂದು ಕೇಳಸೂದಿಲ್ಲೇನು?"

ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಖ ಸಣ್ಣದಾಯಿತು. "ಬಾಯಿ ಕಂಡ್ರ ಕೇಳಸ್ತೈತಿ," ಎಂದಳು. "ಅಲ್ಲಿ ಕುಂತ್ರ ಕಣ್ಣಿಗೆ ಝಗ್ ಅಂತೈತಿ. ನೀವೆಲ್ಲಾ ಬರೇ ಕರ್ರಗ ಕಾಣ್ತೀರಿ. ಮುಖಾನ ಗೊತ್ತಾಗೂದಿಲ್ಲ."

"ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ ನೀನು?" ನಾನು ಕಿರುಚಿಯೇಬಿಟ್ಟೆ. ಸಿಟ್ಟು ಬಂದರೆ ನಾನು ಒಂದು ಕಡೆ ನಿಲ್ಲುವವಳಲ್ಲ. ಅಷ್ಟರಲ್ಲಿ ನೆರಳಿಗೆ ಸರಿದಿದ್ದೆ. ಅವಳಿಗೆ ಅದು ಕೇಳಿಸಲಿಲ್ಲ. ಮತ್ತೆ ಬೆಳಕಿಗೆ ಬಂದು, ದನಿ ತಗ್ಗಿಸಿ ಕೇಳಬೇಕಾಯಿತು.

"ಅಷ್ಟು ಪ್ರೀತಿಲೆ ಕುಂದ್ರಿಸೀರಿ. ನಿಮ್ಮಪ್ಪ ತಗದ ಬೆಳಕಿಂಡಿ. ಹೆಂಗ ಬ್ಯಾಡ ಅನ್ಲಿ?"

ಬೆಳಕು ಬೇಕಾದದ್ದು ಅವಳ ಮೇಲಲ್ಲ, ನಮ್ಮ ಮೇಲೆ. ಲೆಕ್ಕ ಹಾಕುವುದನ್ನೇ ಕಸುಬು ಮಾಡಿಕೊಂಡವಳು ನಾನು, ಇಷ್ಟು ಸರಳವಾದದ್ದು ನನಗೆ ತೋಚಲಿಲ್ಲ. ಹಿರಿಯರಿಗೆ ಒಳ್ಳೆಯ ಜಾಗ ಕೊಟ್ಟೆವೆಂಬ ಸಂತೋಷದಲ್ಲಿ ಅವಳ ಕಿವಿಯನ್ನೇ ಮುಚ್ಚಿದ್ದೆವು. ಅಂದೇ ಸಂಜೆ ಯಜಮಾನರು ಮೋಡಾಗಳನ್ನೆಲ್ಲ ಬೆಳಕಿನ ಕೆಳಗೆ ಸರಿಸಿ, ಅವ್ವನ ಕುರ್ಚಿಯನ್ನು ಗೋಡೆಯ ಬದಿಗೆ ಹಾಕಿದರು. ರಾತ್ರಿಯ ಮಾತಿಗೆಂದು ಬೆಳಕಿಂಡಿಯ ಅಂಚಿಗೆ ಒಂದು ಬಲ್ಬು ಇಳಿಬಿಟ್ಟರು. ಮಾತಾಡುವವರು ಬೆಳಕಿನಲ್ಲಿ, ಕೇಳುವವಳು ನೆರಳಿನಲ್ಲಿ. ಮಗಳಂತೂ ನಾಟಕದವಳ ಹಾಗೆ ಬೆಳಕಿನ ನಡುವೆ ನಿಂತು ಶಾಲೆಯ ವರದಿ ಒಪ್ಪಿಸತೊಡಗಿದಳು. ಹಿಂದಿ ಆಡಿದರೆ ಅಜ್ಜಿಗೆ ತುಟಿ ತಿಳಿಯುವುದಿಲ್ಲವೆಂದು ಅವಳ ಕನ್ನಡವೂ ಸುಧಾರಿಸಿತು. ಮನೆಯಲ್ಲಿ ಎಲ್ಲರಿಗೂ ಹಬ್ಬ, ನನಗೊಬ್ಬಳಿಗೆ ಮಾತ್ರ ಅನ್ನ ಇಳಿಯುತ್ತಿರಲಿಲ್ಲ. ಎಂಟು ತಿಂಗಳ ಹಿಂದೆ ನೆಲ ನೋಡುತ್ತ, ನೆರಳಿನಲ್ಲಿ ಕೂತು ನಾನು ಹೇಳಿದ್ದರಲ್ಲಿ ಅವಳಿಗೆ ಒಂದು ಅಕ್ಷರವೂ ತಲುಪಿರಲಿಲ್ಲ. ಆ 'ಇರ್ಲಿ ಬಿಡು' ಅಳುತ್ತಿರುವ ಮಗಳಿಗೆ ಯಾವ ತಾಯಿಯೂ ಹೇಳುವ ಮಾತಷ್ಟೇ.

ಹೇಳದೆ ಬಿಟ್ಟುಬಿಡಬಹುದಿತ್ತು. ಒಂದು ವಾರ ಹಾಗೆಯೇ ಯೋಚಿಸಿದೆ. ಹೇಳಿದ್ದೇನಲ್ಲ, ಕೇಳಿಸದಿದ್ದರೆ ಅದು ನನ್ನ ತಪ್ಪೇ ಎಂದು ನನ್ನೊಳಗೇ ವಕೀಲಿ ಮಾಡಿದೆ. ಆದರೆ ಈಗ ಅವ್ವ ಪ್ರತಿಸಲ ನನ್ನ ಮುಖವನ್ನೇ ನೋಡುತ್ತಿದ್ದಳು, ಅಷ್ಟು ಗಮನವಿಟ್ಟು ನೋಡುವವರ ಎದುರು ಹೆಚ್ಚು ದಿನ ಬಚ್ಚಿಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಒಂದು ಭಾನುವಾರ ಯಜಮಾನರೂ ಮಗಳೂ ಕಾಫಿ ಪುಡಿ ತರಲು ಬಾಲಿಗಂಜ್ ಕಡೆ ಹೋದಾಗ, ಬೆಳಕಿನ ಕೆಳಗೆ ಕೂತೆ. ತಲೆ ತಗ್ಗಿಸುವ ಹಾಗಿರಲಿಲ್ಲ, ತಗ್ಗಿಸಿದರೆ ಅವಳಿಗೆ ಕೇಳಿಸುವುದಿಲ್ಲ. ಅಳುವ ಹಾಗೂ ಇರಲಿಲ್ಲ, ಅತ್ತರೆ ತುಟಿ ಸೊಟ್ಟಗಾಗುತ್ತದೆ. ಅವಳ ಕಣ್ಣಿಗೆ ಕಣ್ಣಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಟಿಕೆಟ್ ಇತ್ತಾ?" ಎಂದು ಒಮ್ಮೆ ಕೇಳಿದಳು.

"ಇತ್ತವ್ವಾ."

"ಬಂದ ಮಂದಿಗೆಲ್ಲಾ ನಾ ಹೇಳಿದ್ನಲ್ಲ, ಸಿಗಲಿಲ್ಲಂತ."

ಅಷ್ಟು ಹೇಳಿ ಎದ್ದು ತನ್ನ ಕೋಣೆಗೆ ಹೋದಳು. ಎರಡು ದಿನ ನನ್ನ ಮುಖ ನೋಡಲಿಲ್ಲ. ಊಟ ಮಾಡಿದಳು, ಮೊಮ್ಮಗಳ ಜಡೆ ಹೆಣೆದಳು, ಮಾಶಿಮಾ ಜೊತೆ ಛಾವಣಿಯಲ್ಲಿ ನಿಂತಳು. ನಾನು ಎದುರಿಗೆ ಬಂದರೆ ಮಾತ್ರ ಮುಖ ತಿರುಗಿಸುತ್ತಿದ್ದಳು. ಬೇರೆಯವರ ಮನೆಗಳಲ್ಲಿ ಸಿಟ್ಟಾದವರಿಗೆ ಬಾಗಿಲಾಚೆ ನಿಂತಾದರೂ ಕ್ಷಮೆ ಕೇಳಬಹುದು, ಅವರಿಗೆ ಬೇಡವಾದರೂ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಅವ್ವ ಕಣ್ಣು ಹೊರಳಿಸಿದಳೆಂದರೆ ನನ್ನ ಮಾತು ಅಲ್ಲಿಗೆ ಮುಗಿಯಿತು. ಆ ಎರಡು ದಿನ ಅನುಭವಿಸಿದಷ್ಟು ಒಂಟಿತನವನ್ನು ನಾನು ಅಪ್ಪ ಹೋದಾಗಲೂ ಅನುಭವಿಸಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಅವ್ವ ಕೋಣೆಯಿಂದ ಬಂದಳು. ತನ್ನ ಕುರ್ಚಿಯನ್ನು ತಾನೇ ಎಳೆದು, ಒಂದು ಮೋಡಾದ ಎದುರಿಗೆ, ಹತ್ತಿರಕ್ಕೆ ಹಾಕಿಕೊಂಡಳು. ಮೋಡಾದ ಮೇಲೆ ಬೆಳಕು ಬೀಳುತ್ತಿತ್ತು. "ಬಾ, ಕೂಡು," ಎಂದಳು. "ಇನ್ನೊಮ್ಮೆ ಹೇಳು. ಒಂದೂ ಬಿಡಬ್ಯಾಡ."

ಹೇಳಿದೆ. ಫೋನು ಬಂದ ಹೊತ್ತು, ವಿಮಾನದ ಹೊತ್ತು, ಮೇಸ್ತ್ರಿ ಹಾಕಿದ ಷರತ್ತು, ಅಪ್ಪ ಗಟ್ಟಿ ಆಸಾಮಿ ಎಂದುಕೊಂಡದ್ದು, ತಮ್ಮನ ಫೋನು ಬಂದಾಗ ನಾನು ಎಲ್ಲಿ ನಿಂತಿದ್ದೆ ಎಂಬುದು. ಅವ್ವ ಒಮ್ಮೆಯೂ ಕಣ್ಣು ಸರಿಸಲಿಲ್ಲ. ಈ ಸಲ ಇರ್ಲಿ ಬಿಡು ಎನ್ನಲಿಲ್ಲ.

"ನೀ ಬರಬೇಕಿತ್ತು," ಎಂದಳು.

"ಹೌದವ್ವಾ, ಬರಬೇಕಿತ್ತು," ಎಂದೆ.

ಅವಳು ತಲೆಯಾಡಿಸಿದಳು. ಎದ್ದು ಹೋಗಲಿಲ್ಲ, ಮುಖ ತಿರುಗಿಸಲಿಲ್ಲ. ನನ್ನ ಮಾತು ಅವಳಿಗೆ ಕೇಳಿಸಿತ್ತು.